ಜೀವಕೋಶದ ಮರುಬಾಲ್ಯ

ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿ ದಾಳಿಂಬೆಯ ತೋಟ ಮಾಡುವವರು ಸಸಿಗಳನ್ನು ಬೀಜದಿಂದ ಎಬ್ಬಿಸುವುದು ಅಪರೂಪ. ಒಳ್ಳೆಯ ಫಲ ಕೊಡುವ ಗಿಡವೊಂದನ್ನು ಆರಿಸಿ, ಅದರ ರೆಂಬೆಯ ಮೇಲೆ ಒಂದಂಗುಲದಷ್ಟು ತೊಗಟೆಯನ್ನು ಬಳೆಯಾಕಾರವಾಗಿ ತೆಗೆದು, ಆ ಗಾಯದ ಸುತ್ತ ಒದ್ದೆಯಾದ ಪಾಚಿಯನ್ನಿಟ್ಟು ಕಟ್ಟುತ್ತಾರೆ. ಇದಕ್ಕೆ ಗೂಟಿ ಕಟ್ಟುವುದೆಂದು ಹೆಸರು. ಕೆಲವು ವಾರಗಳಾದ ಮೇಲೆ ಗಾಯದ ಅಂಚಿನಲ್ಲಿ ಗಂಟಿನಂತಹ ಮೆದುವಾದ ಪದಾರ್ಥವು ಉಬ್ಬಿ, ಬೇರುಗಳು ಹೊರಡುತ್ತವೆ. ಆಗ ರೆಂಬೆಯನ್ನು ಕತ್ತರಿಸಿ ನೆಟ್ಟರೆ ಅದೇ ಒಂದು ಗಿಡ. ಯಲ್ಲದಕೆರೆಯಂತಹ ಊರುಗಳ ಹಿತ್ತಿಲಿನಲ್ಲಿ ನುಗ್ಗೆಯ ಕೊಂಬೆಯನ್ನು ಮುರಿದು ಊರಿ ಮರವನ್ನು ಪಡೆಯುವ ಗೃಹಿಣಿಗೆ ಇಷ್ಟು ಶ್ರಮವೂ ಬೇಡ. ಕಾಡುಬಸಳೆಯ ವಿಷಯದಲ್ಲಂತೂ ನೆಲದ ಮೇಲೆ ಬಿದ್ದ ಎಲೆಯೊಂದೇ ಸಾಕು. ಅದರ ಅಂಚಿನಲ್ಲಿ ಸಾಲಾಗಿ ಮರಿಗಿಡಗಳು ಏಳುತ್ತವೆ. ದಾಳಿಂಬೆಯ ರೆಂಬೆಯ ತೊಗಟೆಯ ಕೆಳಗಿದ್ದ ಕೋಶಗಳು ಬೇರಾಗುವುದಕ್ಕೆಂದು ಹುಟ್ಟಿದವುಗಳಲ್ಲ. ಗಾಯವಾದೊಡನೆ ಅವು ತಮ್ಮ ಕುಲವೃತ್ತಿಯನ್ನು ಬಿಟ್ಟು, ಹಿಂದಕ್ಕೆ ಸರಿದು, ಹೊಸ ಜೀವನವನ್ನು ಆರಂಭಿಸಿದವು. ಅವುಗಳೊಳಗಿನ ವಂಶವಾಹಿಗಳನ್ನು ಯಾರೂ ಮುಟ್ಟಲಿಲ್ಲ.

ಈ ಸೌಲಭ್ಯವು ಪ್ರಾಣಿಗಳಿಗೆ ಅಷ್ಟಾಗಿ ಇಲ್ಲ. ಹಲ್ಲಿಯ ಬಾಲವು ಕಡಿದುಹೋದರೆ ಮತ್ತೆ ಬೆಳೆಯುವುದುಂಟು; ಆದರೆ ಬಿದ್ದ ಬಾಲದಿಂದ ಇನ್ನೊಂದು ಹಲ್ಲಿ ಹುಟ್ಟದು. ಮನುಷ್ಯನಿಗೆ ಕಡಿದುಹೋದ ಕೈಯೂ ಮರಳಿ ಬಾರದು. ತಾಯಿಯ ಗರ್ಭದಲ್ಲಿ ಪಿಂಡವು ಕಟ್ಟುವ ಮೊದಲ ಕೆಲವು ದಿವಸಗಳಲ್ಲಿ ಅದರೊಳಗಿನ ಕೋಶಗಳು ದೇಹದ ಯಾವ ಭಾಗವಾಗುವುದಕ್ಕೂ ಶಕ್ತವಾಗಿರುತ್ತವೆ. ಇವನ್ನು ಆಕರಕೋಶಗಳೆನ್ನಬಹುದು; ವೈದ್ಯರು ಸ್ಟೆಮ್ ಸೆಲ್ ಎಂದು ಹೇಳುವ ಜಾತಿಯಲ್ಲಿ ಇವು ಮುಖ್ಯವಾದುವು. ದಿನಗಳು ಕಳೆದಂತೆ ಒಂದು ಕೋಶದ ಸಂತಾನವು ಚರ್ಮವಾಗುತ್ತದೆ, ಇನ್ನೊಂದರದು ನರವಾಗುತ್ತದೆ, ಮತ್ತೊಂದರದು ರಕ್ತವಾಗುತ್ತದೆ. ಚರ್ಮವಾದುದು ಚರ್ಮವಾಗಿಯೇ ಸಾಯುತ್ತದೆ. ಈ ದಾರಿಯಲ್ಲಿ ಹಿಂದಕ್ಕೆ ತಿರುಗಿ ಬರುವುದು ಸಾಧ್ಯವೆ? ಸಾಧ್ಯವಾದ ಪಕ್ಷದಲ್ಲಿ, ವಂಶವಾಹಿಗಳಿಗೆ ಕೈಹಚ್ಚದೆ, ಗೂಟಿ ಕಟ್ಟಿದ ರೆಂಬೆಯಂತೆ ಸಾಧ್ಯವೆ? ಈ ಪ್ರಶ್ನೆಗೆ ಉತ್ತರವು ದೊರೆಯುವುದಕ್ಕೆ ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಆ ಚರಿತ್ರೆಯಲ್ಲಿ ಬೆಂಗಳೂರಿಗೂ ಶ್ರೀಗಂಧದ ಮರಕ್ಕೂ ಒಂದು ಸ್ಥಾನವುಂಟು. ಲೋಕವೆಲ್ಲ ನಂಬಿ ಮೋಸಹೋದ ಒಂದು ಹೇಳಿಕೆಗೂ ಸ್ಥಾನವುಂಟು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ವೈಸ್ಮನ್ ಎಂಬ ಪಂಡಿತನು ಒಂದು ಸಿದ್ಧಾಂತವನ್ನು ಮುಂದಿಟ್ಟನು. 1892 ರಲ್ಲಿ ಪ್ರಕಟವಾದ ಅವನ ಗ್ರಂಥದ ಅಭಿಪ್ರಾಯದಂತೆ, ಕೋಶವು ಒಂದು ವೃತ್ತಿಯನ್ನು ಹಿಡಿಯುತ್ತ ಹೋದಂತೆಲ್ಲ ತನಗೆ ಬೇಡವಾದ ವಂಶದ್ರವ್ಯವು ಅದರ ಪಾಲಿಗೆ ಇಲ್ಲವಾಗುತ್ತದೆ. ಪಿತ್ರಾರ್ಜಿತವೆಲ್ಲವೂ ಪೂರ್ಣವಾಗಿ ಉಳಿಯುವುದು ಸಂತಾನಕ್ಕೆ ಕಾರಣವಾದ ಬೀಜಕೋಶಗಳಲ್ಲಿ ಮಾತ್ರ. ಇದು ನಿಜವಾಗಿದ್ದರೆ ಹಿಂದಕ್ಕೆ ಬರುವ ದಾರಿಯೇ ಮುಚ್ಚಿಹೋಗಿರಬೇಕು. ಗಿಡಗಳನ್ನು ಬಲ್ಲವರಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟವಾಗಿತ್ತು. ಆಸ್ಟ್ರಿಯದ ಸಸ್ಯಶಾಸ್ತ್ರಜ್ಞನಾದ ಹಾಬರ್ಲಾಂಟನು 1902 ರಲ್ಲಿ ಎಲೆಯ ಕೋಶಗಳನ್ನು ಒಂದೊಂದಾಗಿ ಬಿಡಿಸಿ, ಗಾಜಿನ ಪಾತ್ರೆಯಲ್ಲಿ ಆಹಾರದ್ರವವನ್ನಿಟ್ಟು ಸಾಕಿ ನೋಡಿದನು. ಅವು ಬದುಕಿದವು, ಗಾತ್ರದಲ್ಲಿ ಹಿಗ್ಗಿದವು. ಆದರೆ ಒಂದಾದರೂ ಒಡೆದು ಎರಡಾಗಲಿಲ್ಲ. ಪ್ರಯೋಗವು ಸೋತರೂ, ಮುಂದೊಂದು ದಿನ ಇಂತಹ ಸಾಮಾನ್ಯಕೋಶಗಳಿಂದಲೇ ಕೃತಕವಾದ ಭ್ರೂಣಗಳನ್ನು ಎಬ್ಬಿಸಬಹುದೆಂಬ ನಿರೀಕ್ಷೆಯನ್ನು ಅವನು ಬರೆದಿಟ್ಟುಹೋದನು.

ಆ ನಿರೀಕ್ಷೆಯು ಕೈಗೂಡಿದ ಬಗೆ ತೆಂಗಿನ ಸೀಮೆಯವರಿಗೆ ಹಿಡಿಸುವಂಥದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸ್ಟೀವರ್ಡನು ಗಜ್ಜರಿಗೆಡ್ಡೆಯ ಸಣ್ಣ ಸಣ್ಣ ತುಂಡುಗಳನ್ನು ತೆಂಗಿನಕಾಯಿಯೊಳಗಿನ ನೀರು ಬೆರೆಸಿದ ದ್ರವದಲ್ಲಿ ತಿರುಗಾಡಿಸುತ್ತ ಸಾಕಿದನು. ಬಿಡಿಯಾಗಿ ಉದುರಿದ ಕೋಶಗಳು ಗುಂಪುಕಟ್ಟಿ, ಬೇರು ಬಿಟ್ಟು, ಚಿಗುರಿ, ಪೂರ್ಣವಾದ ಗಜ್ಜರಿಯ ಗಿಡಗಳಾದುವೆಂದು 1958 ರಲ್ಲಿ ಪ್ರಕಟಿಸಿದನು. ಇದರಲ್ಲಿ ಸೋಜಿಗವೇನೂ ಇಲ್ಲ. ತೆಂಗಿನಕಾಯಿಯ ನೀರು ತೆಂಗಿನ ಭ್ರೂಣದ ಮೊಲೆಹಾಲಲ್ಲವೆ! ಅದರ ಹಿಂದಿನ ವರ್ಷ ಸ್ಕೂಗ್ ಮತ್ತು ಮಿಲ್ಲರ್ ಎಂಬಿಬ್ಬರು, ಸಸ್ಯಗಳಲ್ಲಿ ಬೆಳವಣಿಗೆಯನ್ನು ಪ್ರಚೋದಿಸುವ ಎರಡು ದ್ರವ್ಯಗಳ ಪ್ರಮಾಣವನ್ನು ಹೆಚ್ಚುಕಡಮೆ ಮಾಡಿದರೆ ಹೊಗೆಸೊಪ್ಪಿನ ಒಂದೇ ಗಂಟಿನಿಂದ ಬೇಕಾದರೆ ಬೇರನ್ನೂ ಬೇಕಾದರೆ ಚಿಗುರನ್ನೂ ಹೊರಡಿಸಬಹುದೆಂದು ತೋರಿಸಿದ್ದರು. 1964 ರಲ್ಲಿ ದೆಹಲಿಯ ವಿಶ್ವವಿದ್ಯಾನಿಲಯದಲ್ಲಿ ಶಿಪ್ರಾ ಗುಹ ಮತ್ತು ಎಸ್. ಸಿ. ಮಹೇಶ್ವರಿ ಅವರು ದತ್ತೂರಿಯ ಹೂವಿನ ಪರಾಗಕೋಶದಿಂದ ಭ್ರೂಣಗಳನ್ನು ಪಡೆದುದು ಲೋಕಪ್ರಸಿದ್ಧವಾಯಿತು.

ಕನ್ನಡನಾಡಿನ ಪಾಲು ಇಲ್ಲಿಂದ ಆರಂಭವಾಗುತ್ತದೆ. ಶ್ರೀಗಂಧವು ಮೈಸೂರು ಸಂಸ್ಥಾನದ ಭಾಗ್ಯವಾಗಿದ್ದ ಮರ. ಅದರ ಬೇರು ನೆರೆಯ ಗಿಡಗಳ ಬೇರನ್ನು ಹಿಡಿದು ರಸವನ್ನು ಹೀರುವುದರಿಂದ ಅದನ್ನು ಒಂಟಿಯಾಗಿ ಬೆಳೆಸುವುದು ಕಷ್ಟ. ಬೀಜದಿಂದ ಬಂದ ಮರಗಳಲ್ಲಿ ಒಂದಕ್ಕೆ ಎಣ್ಣೆ ಹೆಚ್ಚು, ಇನ್ನೊಂದಕ್ಕೆ ಕಡಮೆ. ಇದರ ಮೇಲೆ ಸ್ಪೈಕ್ ಎಂಬ ಮಾರಕರೋಗವು ಕಾಡುಗಳಲ್ಲಿ ಹರಡಿ ಲಕ್ಷಾಂತರ ಮರಗಳನ್ನು ಒಣಗಿಸಿತು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯು 1909 ರಲ್ಲಿ ಸ್ಥಾಪಿತವಾದ ಕೆಲವೇ ವರ್ಷಗಳಲ್ಲಿ ಗಂಧದೆಣ್ಣೆಯ ಕೆಲಸವನ್ನು ಕೈಗೆತ್ತಿಕೊಂಡಿತ್ತು. 1916 ರಲ್ಲಿ ಸಂಸ್ಥಾನದ ಗಂಧದೆಣ್ಣೆಯ ಕಾರ್ಖಾನೆಗೆ ಆ ಕೆಲಸವೇ ಬುನಾದಿ. ಅದೇ ಸಂಸ್ಥೆಯಲ್ಲಿ ಜಿ. ಲಕ್ಷ್ಮೀಸೀತಾ, ಎನ್. ವಿ. ರಾಘವರಾಮ್ ಮತ್ತು ಸಿ. ಎಸ್. ವೈದ್ಯನಾಥನ್ ಅವರು ಗಂಧದ ಚಿಗುರುಕಾಂಡದ ತುಂಡುಗಳನ್ನು ಗಾಜಿನ ಕೊಳವೆಯಲ್ಲಿ ಸಾಕಿ, ಮೊದಲು ಆಕಾರವಿಲ್ಲದ ಗಂಟನ್ನೂ, ಆ ಗಂಟಿನಿಂದ ಭ್ರೂಣಗಳನ್ನೂ, ಭ್ರೂಣಗಳಿಂದ ಸಸಿಗಳನ್ನೂ ಪಡೆದರು. ಆ ವರದಿಯು 1979 ರಲ್ಲಿ ಪ್ರಕಟವಾಯಿತು. ಮುಂಬಯಿಯ ಭಾಭಾ ಅಣುಶಕ್ತಿ ಕೇಂದ್ರದವರೂ ಅದೇ ಕಾಲದಲ್ಲಿ ಇದೇ ದಾರಿಯಲ್ಲಿ ನಡೆದಿದ್ದರು. ಗಾಯ, ಗಂಟು, ಭ್ರೂಣ: ತೋಟದವನ ಗೂಟಿಯು ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಇವರು ಕೊನೆಯವರೆಗೂ ಮುಟ್ಟಿಸಿದರೆನ್ನಬೇಕು. ಕಾಂಡದ ಕೋಶವು ತನ್ನ ಬಾಲ್ಯಕ್ಕೆ ಮಾತ್ರವಲ್ಲ, ತನ್ನ ಹುಟ್ಟಿನ ಗಳಿಗೆಗೇ ಮರಳಿತ್ತು.

ಪ್ರಾಣಿಗಳ ಕಡೆಯಲ್ಲಿ ಕೆಲಸವು ಇಷ್ಟು ಸರಾಗವಾಗಿ ಸಾಗಲಿಲ್ಲ. 1962 ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಕಪ್ಪೆಯ ಮೊಟ್ಟೆಯೊಳಗಿನ ಬೀಜಕೇಂದ್ರವನ್ನು ನಾಶಮಾಡಿ, ಆ ಸ್ಥಳದಲ್ಲಿ ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು ಇಟ್ಟನು. ಕೆಲವು ಮೊಟ್ಟೆಗಳು ಒಡೆದು ಗೊದಮೊಟ್ಟೆಗಳಾದುವು. ವೈಸ್ಮನ್ನನ ಮಾತು ಅಂದಿಗೆ ಬಿದ್ದುಹೋಯಿತು. ಕರುಳಿನ ಕೋಶದಲ್ಲಿಯೂ ಪಿತ್ರಾರ್ಜಿತವೆಲ್ಲ ಹಾಗೆಯೇ ಇತ್ತು, ಬೀಗ ಮಾತ್ರ ಬಿದ್ದಿತ್ತು. 1996 ರಲ್ಲಿ ಸ್ಕಾಟ್ಲೆಂಡಿನಲ್ಲಿ ಕುರಿಯ ಕೆಚ್ಚಲಿನ ಕೋಶದಿಂದ ಡಾಲಿಯೆಂಬ ಮರಿ ಹುಟ್ಟಿದ ಬಾತ್ಮಿಯನ್ನು ವೃತ್ತಪತ್ರಿಕೆಗಳನ್ನು ಓದುವವರೆಲ್ಲರೂ ಬಲ್ಲರು. ಈ ಎರಡರಲ್ಲಿಯೂ ವಂಶವಾಹಿಗಳನ್ನು ತಿದ್ದಲಿಲ್ಲ, ನಿಜ. ಆದರೆ ಬೀಗವನ್ನು ತೆರೆಯುವುದಕ್ಕೆ ಒಂದು ಮೊಟ್ಟೆಯೇ ಬೇಕಾಯಿತು. ಮನುಷ್ಯರ ವಿಷಯದಲ್ಲಿ ಸ್ತ್ರೀಯರಿಂದ ಅಂಡಗಳನ್ನು ತರಬೇಕು, ಭ್ರೂಣವನ್ನು ಕಟ್ಟಿ ಅದನ್ನು ಕೆಡಿಸಬೇಕು. ಇದಕ್ಕೆ ಒಪ್ಪುವವರು ಎಷ್ಟು ಮಂದಿ?

ಮೊಟ್ಟೆಯಿಲ್ಲದೆ ಬೀಗವನ್ನು ತೆರೆದವನು ಜಪಾನಿನ ಕ್ಯೋಟೋ ನಗರದ ಶಿನ್ಯಾ ಯಾಮಾನಾಕಾ. ತಾಕಾಹಾಶಿ ಎಂಬ ಸಹಾಯಕನೊಡನೆ ಅವನು, ಭ್ರೂಣದ ಕೋಶಗಳಲ್ಲಿ ಎಚ್ಚರವಾಗಿರುವ 24 ವಂಶವಾಹಿಗಳನ್ನು ಆರಿಸಿ, ಒಂದೊಂದನ್ನೇ ಬಿಡುತ್ತ ಬಂದು, ಕೊನೆಗೆ ನಾಲ್ಕೇ ಸಾಕೆಂದು ಕಂಡುಹಿಡಿದನು. ಈ ನಾಲ್ಕನ್ನು ವೈರಸ್ಸಿನ ಮೇಲೆ ಹೇರಿ ಇಲಿಯ ಚರ್ಮದ ಕೋಶದೊಳಕ್ಕೆ ಕಳುಹಿಸಿದರೆ ಆ ಕೋಶವು ಆಕರಕೋಶವಾಗುವುದು. ಇದು 2006 ರ ಮಾತು. ಮರುವರ್ಷವೇ ಮನುಷ್ಯನ ಕೋಶಗಳಲ್ಲಿಯೂ ಇದು ಸಾಧ್ಯವಾಯಿತು; 2012 ರಲ್ಲಿ ಗರ್ಡನ್ ಮತ್ತು ಯಾಮಾನಾಕಾ ಇಬ್ಬರಿಗೂ ನೊಬೆಲ್ ಬಹುಮಾನವನ್ನು ಹಂಚಿಕೊಟ್ಟರು.

ಆದರೆ ಯಾಮಾನಾಕಾನ ವಿಧಾನದಲ್ಲಿ ಒಂದು ಮುಳ್ಳು ಉಳಿದಿತ್ತು. ಹೊತ್ತುತಂದ ವೈರಸ್ಸು ಆ ನಾಲ್ಕು ವಂಶವಾಹಿಗಳನ್ನು ಕೋಶದ ವಂಶದ್ರವ್ಯದ ನಡುವೆ ಎಲ್ಲೆಂದರಲ್ಲಿ ಹೊಲಿದುಬಿಡುತ್ತಿತ್ತು. ನಾಲ್ಕರಲ್ಲಿ ಒಂದಂತೂ ಅರ್ಬುದಕ್ಕೆ ಕಾರಣವಾಗುವುದೆಂದು ಮೊದಲೇ ಹೆಸರಾದದ್ದು. ಇಂತಹ ಕೋಶಗಳಿಂದ ಹುಟ್ಟಿದ ಇಲಿಗಳಲ್ಲಿ ಅನೇಕವು ಗೆಡ್ಡೆ ಬೆಳೆದು ಸತ್ತವು. ರೋಗಿಯ ದೇಹಕ್ಕೆ ಇದನ್ನು ಸೇರಿಸುವ ಧೈರ್ಯ ಯಾರಿಗುಂಟು? ಆದಕಾರಣ ವಂಶದ್ರವ್ಯಕ್ಕೆ ಹೊಲಿಗೆ ಬೀಳದಂತೆ ಕೆಲಸವನ್ನು ಸಾಧಿಸುವ ಉಪಾಯಗಳನ್ನು ಹುಡುಕತೊಡಗಿದರು. 2009 ರಲ್ಲಿ ವಂಶವಾಹಿಗಳ ಬದಲು ಅವುಗಳಿಂದ ಹುಟ್ಟುವ ಪ್ರೋಟೀನುಗಳನ್ನೇ ಕೋಶದೊಳಗೆ ತೂರಿಸಿ ನೋಡಿದರು. ಫಲಿಸಿತು, ಆದರೆ ಬಹಳ ನಿಧಾನ. ಅದೇ ವರ್ಷ ಜಪಾನಿನವರು ಸೆಂಡಾಯ್ ಎಂಬ ವೈರಸ್ಸನ್ನು ಉಪಯೋಗಿಸಿದರು. ಇದು ವಂಶದ್ರವ್ಯದೊಡನೆ ಬೆರೆಯದೆ, ಬಂದ ಕೆಲಸ ಮುಗಿಸಿ ಕಾಲಕ್ರಮದಲ್ಲಿ ತೊಲಗುವಂಥದು. 2010 ರಲ್ಲಿ ಹಾರ್ವರ್ಡಿನ ಡೆರಿಕ್ ರಾಸ್ಸಿಯ ಶಾಲೆಯವರು, ವಂಶವಾಹಿಯ ಆಜ್ಞೆಯನ್ನು ಹೊತ್ತೊಯ್ಯುವ ಆರ್.ಎನ್.ಎ. ಎಂಬ ಓಲೆಯನ್ನು ಮಾತ್ರ ಕಳುಹಿಸಿ ಕಾರ್ಯಸಿದ್ಧಿಯನ್ನು ಪಡೆದರು. ಆ ರಾಸ್ಸಿಯು ಅದೇ ವರ್ಷ ಜೊತೆಗೂಡಿ ಸ್ಥಾಪಿಸಿದ ಕಂಪೆನಿಯೇ ಮುಂದೆ ಕೋವಿಡ್ ಲಸಿಕೆಯಿಂದ ಮನೆಮಾತಾದ ಮಾಡರ್ನಾ.

ಹೀಗೆ ಒಂದೊಂದೇ ಹೆಜ್ಜೆ ಮುಂದಿಡುತ್ತಿರುವಾಗ, 2014 ನೆಯ ಇಸವಿಯ ಜನವರಿ ತಿಂಗಳ ಕೊನೆಯಲ್ಲಿ ಜಪಾನಿನ ಕೋಬೆ ನಗರದಿಂದ ಒಂದು ಬಾತ್ಮಿಯು ಹೊರಟಿತು. ರಿಕೆನ್ ಎಂಬ ಪ್ರಸಿದ್ಧ ಸಂಸ್ಥೆಯ ಹರುಕೊ ಒಬೊಕಾಟಾ ಎಂಬ ತರುಣ ವಿದುಷಿಯು, ಅಮೆರಿಕದ ಕೆಲವರೊಡಗೂಡಿ, ‘ನೇಚರ್’ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿದಳು. ಎಳೆಯ ಇಲಿಯ ಗುಲ್ಮದಿಂದ ತೆಗೆದ ರಕ್ತಕೋಶಗಳನ್ನು ಸುಮಾರು 25 ನಿಮಿಷಗಳ ಕಾಲ ಹುಳಿನೀರಿನಲ್ಲಿ ಇಟ್ಟರೆ ಅವು ತಾವಾಗಿಯೇ ಆಕರಕೋಶಗಳಾಗುವುವೆಂದು ಅವುಗಳ ಸಾರಾಂಶ. ವಂಶವಾಹಿಯೂ ಬೇಡ, ವೈರಸ್ಸೂ ಬೇಡ. ಆ ಹುಳಿಯಾದರೂ ಎಷ್ಟು? ಮನೆಯ ಮಜ್ಜಿಗೆಯ ಹುಳಿಗಿಂತ ಎಷ್ಟೋ ಕಡಮೆ. ಲೇಖನದ ಪೀಠಿಕೆಯಲ್ಲಿಯೇ ಬಿಡಿಸಿದ ಗಜ್ಜರಿಯ ಕೋಶಗಳಿಂದ ಗಿಡವೇಳುವ ಉದಾಹರಣೆಯನ್ನು ಕೊಟ್ಟಿದ್ದರು: ಗಿಡದಲ್ಲಿ ಆಗುವುದು ಪ್ರಾಣಿಯಲ್ಲಿ ಏಕಾಗಬಾರದು? ಉಪಮಾನವು ಎಷ್ಟು ಸಹಜವಾಗಿತ್ತೆಂದರೆ, ದೊಡ್ಡ ದೊಡ್ಡ ಪಂಡಿತರೂ ತಲೆದೂಗಿದರು. ಸಹಲೇಖಕರಲ್ಲಿ ಒಬ್ಬನಾದ ಯೋಶಿಕಿ ಸಸಾಯ್ ಸಾಮಾನ್ಯನಲ್ಲ; ಆಕರಕೋಶಗಳಿಂದ ಕಣ್ಣಿನ ಬಟ್ಟಲನ್ನೇ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೀರ್ತಿ ಅವನದು. ಅವನ ಹೆಸರಿದ್ದ ಮೇಲೆ ಸಂಶಯಕ್ಕೆ ಎಡೆಯಿಲ್ಲವೆಂದು ಜನರು ಭಾವಿಸಿದರು.

ವಿಧಾನವು ಇಷ್ಟು ಸುಲಭವಾಗಿದ್ದುದೇ ಪರೀಕ್ಷೆಗೆ ಅನುಕೂಲವಾಯಿತು. ಹುಳಿನೀರು ಯಾರಲ್ಲಿಲ್ಲ? ಲೋಕದ ನಾನಾ ಕಡೆಗಳಲ್ಲಿ ಪ್ರಯೋಗಶಾಲೆಯವರು ಅದೇ ಕ್ರಮವನ್ನು ಅನುಸರಿಸಿ ನೋಡಿದರು. ಯಾರಿಗೂ ಆಕರಕೋಶಗಳು ದೊರೆಯಲಿಲ್ಲ. ಅಷ್ಟರಲ್ಲಿ ಲೇಖನದ ಚಿತ್ರಗಳಲ್ಲಿ ತಿದ್ದುಪಡಿ ನಡೆದಿರುವುದನ್ನು ಸೂಕ್ಷ್ಮದೃಷ್ಟಿಯವರು ಗುರುತಿಸಿದರು. ಏಪ್ರಿಲ್ ಒಂದರಂದು ರಿಕೆನ್ನಿನ ತನಿಖಾಸಮಿತಿಯು ಒಬೊಕಾಟಾ ಅಕ್ರಮವೆಸಗಿದ್ದಾಳೆಂದು ತೀರ್ಮಾನಿಸಿತು. ಜುಲೈ ಎರಡರಂದು ಎರಡು ಲೇಖನಗಳನ್ನೂ ಹಿಂತೆಗೆದುಕೊಳ್ಳಲಾಯಿತು. ಆಗಸ್ಟಿನಲ್ಲಿ ಸಸಾಯ್ ಆತ್ಮಹತ್ಯೆ ಮಾಡಿಕೊಂಡನು. ಅವನು ಸ್ವತಃ ಮೋಸ ಮಾಡಿದನೆಂದು ಸಮಿತಿಯು ಹೇಳಿರಲಿಲ್ಲ. ಸರಿಯಾಗಿ ನೋಡಲಿಲ್ಲವೆಂಬ ಮಾತು ಮಾತ್ರ ಅವನ ಮೇಲಿತ್ತು. ಒಬೊಕಾಟಾಳಿಗೂ ಪುನಃ ಮಾಡಿ ತೋರಿಸಲು ಅವಕಾಶ ಕೊಟ್ಟಿದ್ದರು. ಆಗಲಿಲ್ಲ, ಡಿಸೆಂಬರಿನಲ್ಲಿ ಕೆಲಸವನ್ನು ಬಿಟ್ಟಳು. ಉಳಿದಿದ್ದ ಮಾದರಿಗಳ ವಂಶದ್ರವ್ಯವನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಮೊದಲೇ ಸಿದ್ಧವಾಗಿದ್ದ ಭ್ರೂಣದ ಆಕರಕೋಶಗಳು ಬೆರೆತಿದ್ದುವೆಂದು ತಿಳಿದುಬಂದಿತು. ಹಾಲಿನಿಂದ ಬೆಣ್ಣೆ ಬಂದಿತೆಂದವರ ಪಾತ್ರೆಯಲ್ಲಿ ಬೆಣ್ಣೆ ಮೊದಲೇ ಇತ್ತು! ಈ ದುರಂತದಲ್ಲಿ ಒಂದು ಸಮಾಧಾನವುಂಟು: ಹೇಳಿಕೆಯು ಹುಟ್ಟಿದ ಐದು ತಿಂಗಳಲ್ಲಿ ಬಿದ್ದುಹೋಯಿತು. ಬೀಳಿಸಿದವರು ನ್ಯಾಯಾಧಿಪತಿಗಳಲ್ಲ, ತಾವೂ ಮಾಡಿ ನೋಡಿದ ಸಮಾನಸ್ಕಂಧರು.

ಹುಳಿನೀರಿನ ಗದ್ದಲದಲ್ಲಿ ಜನರು ಮರೆತ ಸಂಗತಿಯೊಂದುಂಟು. ವಂಶವಾಹಿಗಳನ್ನು ಸೇರಿಸದೆ ಮರುಬಾಲ್ಯವನ್ನು ಕೊಡುವ ಕೆಲಸವು ಅದಕ್ಕೆ ಆರು ತಿಂಗಳು ಮೊದಲೇ, 2013 ರಲ್ಲಿ, ಸದ್ದಿಲ್ಲದೆ ಆಗಿಹೋಗಿತ್ತು. ಚೀನಾದ ಪೀಕಿಂಗ್ ವಿಶ್ವವಿದ್ಯಾನಿಲಯದ ಡೆಂಗ್ ಹಾಂಗ್‌ಕೂಯ್ ಎಂಬವನ ಶಾಲೆಯವರು ಏಳು ರಾಸಾಯನಿಕ ದ್ರವ್ಯಗಳಿಂದಲೇ ಇಲಿಯ ಕೋಶಗಳನ್ನು ಆಕರಕೋಶಗಳನ್ನಾಗಿ ಮಾಡಿದ್ದರು. ಸಾವಿರ ಕೋಶಗಳಲ್ಲಿ ಎರಡು ಮಾತ್ರ ತಿರುಗಿದರೂ ಇದು ಇತರರ ಕೈಯಲ್ಲಿಯೂ ನಡೆಯುವ ವಿಧಾನವಾಗಿತ್ತು. ಆ ದ್ರವ್ಯಗಳ ಪಟ್ಟಿಯನ್ನು ಓದಿದರೆ ಪರಿಚಿತರ ಮುಖಗಳು ಕಾಣುತ್ತವೆ. ಒಂದು ವಾಲ್ಪ್ರೋಯಿಕ್ ಆಮ್ಲ. ಮೂರ್ಛೆರೋಗಕ್ಕೂ ಮನಸ್ಸಿನ ಏರಿಳಿತದ ರೋಗಕ್ಕೂ ವೈದ್ಯರು ಬರೆದುಕೊಡುವ ಮಾತ್ರೆಯ ಜೀವಾಳವಿದೇ. ಇನ್ನೊಂದು ಫಾರ್ಸ್ಕೊಲಿನ್, ಇದು ದೊಡ್ಡಪತ್ರೆಯ ದಾಯಾದಿಯಾದ ಕೋಲಿಯಸ್ ಎಂಬ ಗಿಡದ ಬೇರಿನಲ್ಲಿ ದೊರೆಯುವುದು. ಅದನ್ನು ಮೊದಲು ಬೇರ್ಪಡಿಸಿದವರು 1970 ರ ದಶಕದಲ್ಲಿ ಲಖನೌ ಮತ್ತು ಮುಂಬಯಿಯ ಶೋಧಕರು. ಕರ್ನಾಟಕದ ರೈತರಲ್ಲಿಯೂ ಕೆಲವರು ಆ ಗಿಡವನ್ನು ಬೇರಿಗಾಗಿ ಬೆಳೆದುದುಂಟು.

ಇಲಿಯಿಂದ ಮನುಷ್ಯನಿಗೆ ಬರುವುದಕ್ಕೆ ಮತ್ತೆ ಒಂಬತ್ತು ವರ್ಷ ಹಿಡಿಯಿತು. 2022 ರ ಏಪ್ರಿಲಿನಲ್ಲಿ ಡೆಂಗನ ಸಂಗಡಿಗರು ಮನುಷ್ಯನ ಕೋಶಗಳನ್ನೂ ರಾಸಾಯನಿಕಗಳಿಂದಲೇ ಹಿಂದಕ್ಕೆ ಕರೆತಂದುದನ್ನು ಪ್ರಕಟಿಸಿದರು. ಇದರಲ್ಲಿ ತಿಳಿದುಬಂದ ವಿಷಯವು ಮನೋಹರವಾದುದು. ಮನುಷ್ಯನ ಕೋಶವು ಒಂದೇ ಜಿಗಿತಕ್ಕೆ ಹಿಂದಿರುಗುವುದಿಲ್ಲ. ನಡುವೆ ತನ್ನ ಗುರುತನ್ನು ಸಡಿಲಿಸಿಕೊಂಡ ಒಂದು ಮೆತ್ತನೆಯ ಅವಸ್ಥೆಯನ್ನು ಹಾದುಹೋಗಬೇಕು. ಕಡಿದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಆಕ್ಸೊಲಾಟಲ್ ಎಂಬ ನೀರುಪ್ರಾಣಿಯ ಗಾಯದಲ್ಲಿ ಕಾಣುವ ಅವಸ್ಥೆಗೆ ಇದು ಹೋಲುತ್ತದೆ. ಮನುಷ್ಯನ ಕೋಶಗಳಲ್ಲಿ ಉರಿಯೂತಕ್ಕೆ ಸೇರಿದ ಒಂದು ಎಚ್ಚರಿಕೆಯ ವ್ಯವಸ್ಥೆಯು ಈ ಬಾಗಿಲನ್ನು ತಡೆದಿರುತ್ತದೆ. ಅದನ್ನು ಅಡಗಿಸಿದರೆ ದಾರಿ ತೆರೆಯುತ್ತದೆ. ಗೂಟಿಯ ಗಾಯದ ಮೇಲಿನ ಗಂಟು, ಗಂಧದ ಕಾಂಡದ ಗಂಟು, ಇಲ್ಲಿಯ ಈ ಮೆತ್ತನೆಯ ಅವಸ್ಥೆ, ಇವು ಒಂದೇ ವಸ್ತುವಲ್ಲವಾದರೂ ಒಂದೇ ಬಗೆಯ ವಿಶ್ರಾಂತಿಸ್ಥಾನಗಳೆಂದರೆ ತಪ್ಪಾಗದು. ಒಬೊಕಾಟಾಳ ಲೇಖನದ ಉಪಮಾನವು ಸುಳ್ಳಾಗಿರಲಿಲ್ಲ. ಸುಳ್ಳಾದುದು 25 ನಿಮಿಷ.

2023 ರ ಬೇಸಗೆಯಲ್ಲಿ ಚೀನಾದ ತಿಯೆಂಜಿನ್ ನಗರದಲ್ಲಿ, ಬಾಲ್ಯದ ಜಾತಿಯ ಸಿಹಿಮೂತ್ರರೋಗದಿಂದ ನರಳುತ್ತಿದ್ದ 25 ವರ್ಷದ ಒಬ್ಬ ಸ್ತ್ರೀಗೆ ಆಕೆಯ ಸ್ವಂತ ಕೋಶಗಳನ್ನೇ ಹೀಗೆ ಹಿಂದಕ್ಕೆ ತಂದು, ಇನ್ಸುಲಿನ್ ಒಸರುವ ಕೋಶಗಳನ್ನಾಗಿ ಬೆಳೆಸಿ, ಹೊಟ್ಟೆಯ ಸ್ನಾಯುವಿನ ಪದರದ ಅಡಿಯಲ್ಲಿ ನೆಟ್ಟರು. 75 ದಿನಗಳ ಮೇಲೆ ಆಕೆಗೆ ಇನ್ಸುಲಿನ್ ಚುಚ್ಚುವ ಅಗತ್ಯ ಉಳಿಯಲಿಲ್ಲ. ಒಂದು ವರ್ಷವಾದರೂ ಹಾಗೆಯೇ ಇದ್ದಳೆಂದು 2024 ರ ವರದಿಯು ಹೇಳುತ್ತದೆ. ಸಂತೋಷದ ಸುದ್ದಿಯೇ ಸರಿ. ಆದರೆ ಆಕೆಯು ಮೊದಲೇ ಬೇರೊಬ್ಬರ ಯಕೃತ್ತನ್ನು ಪಡೆದು, ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸೇವಿಸುತ್ತಿದ್ದವಳು. ಆ ಔಷಧಗಳಿಲ್ಲದಿದ್ದರೆ ನೆಟ್ಟ ಕೋಶಗಳು ಉಳಿಯುತ್ತಿದ್ದುವೇ ಎಂಬುದು ಈ ಒಬ್ಬಳಿಂದ ತಿಳಿಯುವಂತಿಲ್ಲ.

ಇಂತಹ ಸುದ್ದಿಯು ಜಿಲ್ಲೆಯ ಮನೆಗಳಿಗೆ ಬರುವ ಹೊತ್ತಿಗೆ ಬೇರೆ ರೂಪವನ್ನೇ ತಾಳಿರುತ್ತದೆ. ನಡೆಯಲಾರದ ಮಗುವನ್ನೋ ಮಾತು ಬಾರದ ಮಗುವನ್ನೋ ಸಾಕುತ್ತಿರುವ ತಂದೆತಾಯಿಗಳಿಗೆ, ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಗುಣವಾಗುವುದೆಂದು ಹೇಳಿ ಲಕ್ಷಗಟ್ಟಲೆ ಹಣ ಕೇಳುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ಹೊಲವನ್ನು ಅಡವಿಟ್ಟು ಕೊಡುವವರೂ ಇದ್ದಾರೆ. ಇಂತಹ ಕಡೆಗಳಲ್ಲಿ ಚುಚ್ಚುವುದು ಸಾಮಾನ್ಯವಾಗಿ ಮರುಬಾಲ್ಯ ಪಡೆದ ಕೋಶಗಳನ್ನಲ್ಲ. ರೋಗಿಯ ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದುದನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2007 ರಲ್ಲಿ ಹೊರಡಿಸಿದ ನಿಯಮಾವಳಿಯ ಹೆಸರಿನಲ್ಲಿ ಸಂಶೋಧನೆಯ ಜೊತೆಗೆ ಚಿಕಿತ್ಸೆ ಎಂಬ ಮಾತೂ ಇತ್ತು. 2013 ರಲ್ಲಿ ತಿದ್ದಿದಾಗ ಆ ಮಾತನ್ನು ಬೇಕೆಂದೇ ತೆಗೆದುಹಾಕಿದರು. 2017 ರ ಆವೃತ್ತಿಯು, ಕೆಲವು ರಕ್ತರೋಗಗಳಿಗೆ ಮಜ್ಜೆಯ ಆಕರಕೋಶಗಳನ್ನು ಕಸಿಮಾಡುವುದನ್ನು ಬಿಟ್ಟರೆ, ಉಳಿದುದೆಲ್ಲವೂ ಪರೀಕ್ಷೆಯ ಹಂತದ್ದೆಂದೇ ಹೇಳಿತು. ಪರೀಕ್ಷೆಗೆ ಒಳಗಾಗುವ ರೋಗಿಯಿಂದ ಹಣ ತೆಗೆದುಕೊಳ್ಳುವುದು ಸಲ್ಲದು. ಕೋಬೆಯ ಹೇಳಿಕೆಯನ್ನು ಇತರರು ಮಾಡಿ ನೋಡಿದರು. ಈ ಕೊಠಡಿಗಳಲ್ಲಿ ನಡೆಯುವುದನ್ನು ಯಾರೂ ಮಾಡಿ ನೋಡುವುದಿಲ್ಲ, ಲೆಕ್ಕವನ್ನು ಯಾರೂ ಪ್ರಕಟಿಸುವುದೂ ಇಲ್ಲ.

ಬೆಂಗಳೂರಿನಲ್ಲಿ ಈ ಶಾಸ್ತ್ರದ ನಿಜವಾದ ಕೆಲಸವು ಬಹು ಮೆಲ್ಲಗೆ ನಡೆಯುತ್ತಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ಶಾಲೆಯವರು, ಬಸಿರಿಗೆ ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದ ಮನುಷ್ಯರ ಆಕರಕೋಶಗಳ ಎರಡು ಸಂತತಿಗಳನ್ನು ಪಡೆದುದನ್ನು 2009 ರಲ್ಲಿ ಪ್ರಕಟಿಸಿದರು. ಆಕರಕೋಶಗಳ ಅಧ್ಯಯನಕ್ಕೆಂದೇ ಇನ್‌ಸ್ಟೆಮ್ ಎಂಬ ಸಂಸ್ಥೆಯು ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸ್ಥಾಪಿತವಾಯಿತು. ಅದೂ, ನೆರೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ, ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯೂ ಕೂಡಿ ಒಂದು ದೀರ್ಘಕಾಲದ ಕಾರ್ಯವನ್ನು ಹಮ್ಮಿಕೊಂಡವು. ಒಂದೇ ಮನೆತನದಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳನ್ನು ಆರಿಸಿ, ಅವರ ಒಪ್ಪಿಗೆಯಿಂದ ರಕ್ತವನ್ನು ಪಡೆದು, ಆ ಕೋಶಗಳಿಗೆ ಮರುಬಾಲ್ಯವನ್ನು ಕೊಟ್ಟು, ಅವುಗಳಿಂದ ನರಕೋಶಗಳನ್ನು ಬೆಳೆಸಿ ನೋಡುವುದು ಅದರ ಉದ್ದೇಶ. ಸ್ಕಿಜೋಫ್ರೇನಿಯ, ಮನಸ್ಸಿನ ಏರಿಳಿತ, ಗೀಳು, ಮರೆಗುಳಿತನ, ಚಟ ಎಂಬ ಐದು ಬಗೆಯ ಕಾಯಿಲೆಗಳು ಅದರಲ್ಲಿ ಸೇರಿವೆ. ಬದುಕಿರುವವರ ಮಿದುಳನ್ನು ತೆರೆದು ನೋಡುವಂತಿಲ್ಲ. ಅವರ ರಕ್ತದಿಂದ ಬೆಳೆದ ನರವನ್ನು ನೋಡಬಹುದು. ವಂಶದ್ರವ್ಯಕ್ಕೆ ಹೊರಗಿನ ಹೊಲಿಗೆ ಬೀಳಬಾರದೆಂಬ ಮಾತಿನ ಬೆಲೆ ಇಲ್ಲಿ ಇನ್ನೂ ಹೆಚ್ಚು, ಏಕೆಂದರೆ ಹುಡುಕುತ್ತಿರುವುದೇ ಆ ಮನೆತನದ ವಂಶವಾಹಿಗಳಲ್ಲಿ ಅಡಗಿರುವ ಸಣ್ಣ ವ್ಯತ್ಯಾಸವನ್ನು. ವಾಲ್ಪ್ರೋಯೇಟ್ ಮಾತ್ರೆಯ ಚೀಟಿಯನ್ನು ಹಿಡಿದು ಆಸ್ಪತ್ರೆಯಿಂದ ಊರಿಗೆ ಮರಳುವ ರೋಗಿಗೆ ಈ ಕೋಶಗಳಿಂದ ಕೂಡಲೇ ಆಗುವ ಉಪಕಾರವೇನೂ ಇಲ್ಲ. ಅವು ದ್ರವರೂಪದ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಗುರುತಿನ ಸಂಖ್ಯೆಗಳೊಡನೆ ಉಳಿಯುತ್ತವೆ. ಬೇಕಾದಾಗ ಕರಗಿಸಿ ಬೆಳೆಸುತ್ತಾರೆ.